ಅನಾಯ್ (ಕ್ರಿಯಾಪದ)

'ಅನಾಯ್' ಎಂಬುದು ಇಂಗ್ಲಿಷ್ ಭಾಷೆಯ ಒಂದು ಕ್ರಿಯಾಪದ. ಕಿರಿಕಿರಿ ಉಂಟುಮಾಡು, ಬೇಸರ ತರಿಸು, ರೇಗಿಸು ಎಂಬುವು ಇದರ ಅರ್ಥಗಳು. ಉಚ್ಚಾರಣೆಯಲ್ಲಿ ಒತ್ತು ಎರಡನೆಯ ಭಾಗದ ಮೇಲೆ ಬೀಳುತ್ತದೆ. ಕೋಪದಷ್ಟು ತೀವ್ರವಲ್ಲದಿದ್ದರೂ ಸಹನೆಯನ್ನು ಸವೆಸುವ ಅಸಮಾಧಾನವನ್ನು ಈ ಪದ ಸೂಚಿಸುತ್ತದೆ. ರಾತ್ರಿಯಿಡೀ ತೊಟ್ಟಿಕ್ಕುವ ನಲ್ಲಿ, ಮಾತಿನ ನಡುವೆ ಬಾಯಿ ಹಾಕುವ ಅಭ್ಯಾಸ ಮೊದಲಾದವು ಇದಕ್ಕೆ ತಕ್ಕ ಸಂದರ್ಭಗಳು.

ವ್ಯುತ್ಪತ್ತಿ

ಲ್ಯಾಟಿನ್ನಿನ 'ಇನ್ ಓಡಿಯೊ' ಎಂದರೆ 'ದ್ವೇಷದಲ್ಲಿ' ಎಂದರ್ಥ. ಇದರಿಂದ ಹುಟ್ಟಿದ ಕ್ರಿಯಾಪದವು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಹಿಂದೆ ಇದಕ್ಕೆ 'ಹಾನಿ ಮಾಡು' ಎಂಬ ಅರ್ಥವೂ ಇದ್ದು, ಶತ್ರುಸೈನ್ಯವನ್ನು ಕಾಡುವುದಕ್ಕೂ ಈ ಪದ ಬಳಕೆಯಲ್ಲಿತ್ತು. ದ್ವೇಷದಿಂದ ಹೊರಟ ಮಾತು ಬರಿಯ ಕಿರಿಕಿರಿಗೆ ಇಳಿದುದು ಕುತೂಹಲಕರ.

ಬಳಕೆ

ಇಂಗ್ಲಿಷಿನಲ್ಲಿ ಕಿರಿಕಿರಿಯ ಕಾರಣವು ಕರ್ತೃವಾಗಿಯೂ ಅದನ್ನು ಅನುಭವಿಸುವವರು ಕರ್ಮವಾಗಿಯೂ ಬರುತ್ತಾರೆ. ಕನ್ನಡದಲ್ಲಿ 'ನನಗೆ ಕಿರಿಕಿರಿಯಾಗುತ್ತಿದೆ' ಎಂದು ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿರುತ್ತಾರೆ. ಈ ವ್ಯತ್ಯಾಸದಿಂದಾಗಿ ವಿದ್ಯಾರ್ಥಿಗಳು 'ಐ ಆ್ಯಮ್ ಅನಾಯ್ಡ್' ಎನ್ನಬೇಕಾದಲ್ಲಿ 'ಐ ಆ್ಯಮ್ ಅನಾಯಿಂಗ್' ಎನ್ನುವುದುಂಟು. ಮೊದಲನೆಯದರ ಅರ್ಥ 'ನನಗೆ ಕಿರಿಕಿರಿಯಾಗಿದೆ'. ಎರಡನೆಯದರ ಅರ್ಥ 'ನಾನೇ ಕಿರಿಕಿರಿಯ ಮನುಷ್ಯ'! 'ಅನಾಯ್ಡ್' ಪದದ ನಂತರ ವ್ಯಕ್ತಿಯನ್ನು ಹೇಳುವಾಗ ಸಾಮಾನ್ಯವಾಗಿ 'ವಿತ್', ವಿಷಯವನ್ನು ಹೇಳುವಾಗ 'ಅಟ್' ಅಥವಾ 'ಅಬೌಟ್' ಬರುತ್ತದೆ.

'ಪೆಸ್ಟರ್' ಎಂದರೆ ದುಂಬಾಲು ಬೀಳುವುದು. 'ಹರಾಸ್' ಎಂದರೆ ಕಿರುಕುಳ ಕೊಡುವುದು. ಅದು ಗಂಭೀರವಾದ ಮಾತು. ಕಿರುಕುಳವನ್ನು ಕಿರಿಕಿರಿ ಎಂದು ಅನುವಾದಿಸಿದರೆ ನೊಂದವರ ದೂರೇ ಹಗುರವಾಗುತ್ತದೆ.

ಕಾನೂನಿನಲ್ಲಿ

ಈ ಕ್ರಿಯಾಪದದ ನಾಮರೂಪ 'ಅನಾಯನ್ಸ್'. 2008ರ ತಿದ್ದುಪಡಿಯ ಮೂಲಕ ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿದ 66ಎ ಕಲಮಿನಲ್ಲಿ ಈ ಪದವಿತ್ತು. ಕಿರಿಕಿರಿ ಉಂಟುಮಾಡುವ ಉದ್ದೇಶದಿಂದ ಇಮೇಲ್ ಕಳುಹಿಸುವುದೂ ಅದರಂತೆ ಅಪರಾಧವಾಗಿದ್ದು, 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿತ್ತು. ಯಾವುದು ಕಿರಿಕಿರಿ ಎಂಬುದನ್ನು ಕಾಯ್ದೆ ವಿವರಿಸಿರಲಿಲ್ಲ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಈ ಕಲಮನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸಿತು. ಒಬ್ಬರಿಗೆ ಕಿರಿಕಿರಿಯಾದದ್ದು ಮತ್ತೊಬ್ಬರಿಗೆ ಆಗದಿರಬಹುದು, ಆದ್ದರಿಂದ ಇಂತಹ ಪದಗಳು ಅಸ್ಪಷ್ಟ ಎಂಬುದು ತೀರ್ಪಿನ ಕಾರಣಗಳಲ್ಲೊಂದು. ಸಾರ್ವಜನಿಕ ಸ್ಥಳದಲ್ಲಿನ ಅಶ್ಲೀಲ ವರ್ತನೆಯನ್ನು ಕುರಿತ ಭಾರತೀಯ ನ್ಯಾಯ ಸಂಹಿತೆಯ 296ನೆಯ ಕಲಮಿನಲ್ಲಿ ಈ ಪದ ಇಂದಿಗೂ ಇದೆ. ಆದರೆ ಅಲ್ಲಿ ಕಿರಿಕಿರಿಯೊಂದೇ ಅಪರಾಧವಾಗುವುದಿಲ್ಲ, ವರ್ತನೆ ಅಶ್ಲೀಲವೂ ಆಗಿರಬೇಕು.