ಖಾಲಿ ದಿನಕ್ಕೊಂದು ಮೇಲ್

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವ ನನಗೆ ಪೈಥಾನ್ ಕಲಿಯಲು ಸಿಗುವುದು ರಾತ್ರಿಯ ಅರ್ಧ ಗಂಟೆ. ಮಕ್ಕಳ ಅಂಕಪಟ್ಟಿ ಸಿದ್ಧಪಡಿಸುವ ಪ್ರೋಗ್ರಾಂ ಒಂದನ್ನು ಬರೆಯುತ್ತಿದ್ದೇನೆ. ನಾಲ್ಕು ದಿನ ಬಿಟ್ಟು ಕೂತರೆ ಸ್ವಂತ ಕೋಡೇ ಬೇರೆ ಯಾರದೋ ಕೈಬರಹದ ಹಾಗೆ ಕಾಣುತ್ತದೆ. ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುವುದರಲ್ಲೇ ಆ ಅರ್ಧ ಗಂಟೆ ಮುಗಿದುಹೋಗುತ್ತದೆ. ಅದಕ್ಕೇ ನೆನಪಿಸುವ ಕೆಲಸವನ್ನು ಕಂಪ್ಯೂಟರಿಗೇ ವಹಿಸಿದ್ದೇನೆ.

ಹೇಳಿದ ಹೊತ್ತಿಗೆ ಕೆಲಸ ಮಾಡುವ ‘ಕ್ರಾನ್’ ಎಂಬ ಪ್ರೋಗ್ರಾಂ ಯುನಿಕ್ಸ್‌ನಲ್ಲಿ 1970ರ ದಶಕದಿಂದಲೂ ಇದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂದು ಐದು ಅಂಕಣ ತುಂಬಿ, ಮುಂದೆ ಆಜ್ಞೆ ಬರೆದಿಟ್ಟರೆ ಸಾಕು. ಆದರೆ ಲ್ಯಾಪ್‌ಟಾಪ್ ಮುಚ್ಚಿದ್ದರೆ ಕ್ರಾನ್ ಕೂಡ ಮಲಗಿರುತ್ತದೆ. ಸೋಮಾರಿತನದ ದಿನವೇ ತಾನೇ ಅದು ಮುಚ್ಚಿರುವುದು! ಹಾಗಾಗಿ ಯಾವಾಗಲೂ ಎಚ್ಚರವಿರುವ ಬೇರೊಂದು ಕಂಪ್ಯೂಟರ್ ಬೇಕು. ನಾನು ನೆಚ್ಚಿಕೊಂಡಿರುವುದು ಗೂಗಲ್‌ನ ಆ್ಯಪ್ಸ್ ಸ್ಕ್ರಿಪ್ಟನ್ನು. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಗೂಗಲ್ ಶೀಟಿನಲ್ಲಿ ಎರಡು ಅಂಕಣ ಮಾಡಿಕೊಳ್ಳಿ: ತಾರೀಖು, ಮುಂದಿನ ಕೆಲಸ. ‘ಎಕ್ಸ್‌ಟೆನ್ಶನ್ಸ್’ ಮೆನುವಿನಿಂದ ಆ್ಯಪ್ಸ್ ಸ್ಕ್ರಿಪ್ಟ್ ತೆರೆದು ಹತ್ತಾರು ಸಾಲಿನ ಒಂದು ಫಂಕ್ಷನ್ ಬರೆದರಾಯಿತು. ಕೊನೆಯ ಸಾಲಿನ ತಾರೀಖು ಇವತ್ತಿನದಾಗಿದ್ದರೆ ಅದು ಸುಮ್ಮನಿರಬೇಕು. ಇಲ್ಲದಿದ್ದರೆ ಮೇಲ್ ಕಳಿಸಬೇಕು. ಆಮೇಲೆ ಗಡಿಯಾರದ ಚಿತ್ರ ಒತ್ತಿ, ದಿನಕ್ಕೊಮ್ಮೆ ರಾತ್ರಿ ಎಂಟರಿಂದ ಒಂಬತ್ತರೊಳಗೆ ಓಡುವಂತೆ ಟ್ರಿಗರ್ ಇಡಿ. ಅದು ಆ ಗಂಟೆಯೊಳಗಿನ ಯಾವುದೋ ನಿಮಿಷದಲ್ಲಿ ಓಡುತ್ತದೆ. ಪ್ರಾಜೆಕ್ಟಿನ ಸಮಯವಲಯ ಭಾರತದ್ದೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ಮೇಲ್ ನಡುರಾತ್ರಿ ಬಂದೀತು.

ಈ ವ್ಯವಸ್ಥೆಯ ಜೀವ ಇರುವುದು ಎರಡನೇ ಅಂಕಣದಲ್ಲಿ. ‘ಇವತ್ತು ಕೋಡ್ ಬರೆಯಿರಿ’ ಎಂದು ದಿನವೂ ಬರುವ ಮೇಲನ್ನು ಯಾರೂ ತೆರೆಯುವುದಿಲ್ಲ. ನನಗೆ ಬರುವ ಮೇಲ್ ಹೀಗಿರುತ್ತದೆ: ‘ಅಂಕದ ಜಾಗ ಖಾಲಿ ಇದ್ದರೆ ಸೊನ್ನೆ ಬೇಡ, ಗೈರುಹಾಜರಿ ಎಂದು ತೋರಿಸಬೇಕು.’ ಹಿಂದಿನ ಸಲ ಏಳುವ ಮುಂಚೆ ನಾನೇ ಬರೆದಿಟ್ಟ ಸಾಲು ಅದು. ಓದಿದ ಕೂಡಲೇ ಯಾವ ಫೈಲ್ ತೆರೆಯಬೇಕೆಂದು ಗೊತ್ತಾಗುತ್ತದೆ.

ಗಿಟ್‌ಹಬ್ ಬಳಸುವವರು ಅದರ ಆ್ಯಕ್ಷನ್ಸ್‌ನಿಂದಲೂ ಇದನ್ನು ಮಾಡಿಸಬಹುದು. ನಾವು ಬೇರೆ ಹೇಳದಿದ್ದರೆ ಅಲ್ಲಿನ ಲೆಕ್ಕ ಯುಟಿಸಿ ಸಮಯದ್ದು; ನಮ್ಮ ರಾತ್ರಿ ಎಂಟಕ್ಕೆ ಅಲ್ಲಿ 14:30. ಇನ್ನೊಂದು ತಮಾಷೆಯ ನಿಯಮವೂ ಇದೆ. ಸಾರ್ವಜನಿಕ ರೆಪೊಸಿಟರಿಯಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ವೇಳಾಪಟ್ಟಿಯ ಕೆಲಸಗಳನ್ನು ಗಿಟ್‌ಹಬ್ ನಿಲ್ಲಿಸಿಬಿಡುತ್ತದೆ. ನೆನಪಿಸುವವನ ಅಗತ್ಯ ಹೆಚ್ಚಾದಾಗಲೇ ಅವನು ಮನೆಗೆ ಹೋಗಿರುತ್ತಾನೆ!

ಸತತ ಎಷ್ಟು ದಿನ ಬರೆದೆ ಎಂಬ ಲೆಕ್ಕವನ್ನು ನಾನು ಇಡುವುದಿಲ್ಲ. ಗಿಟ್‌ಹಬ್ ಕೂಡ 2016ರಲ್ಲಿ ಆ ಎಣಿಕೆಯನ್ನು ಪ್ರೊಫೈಲಿನಿಂದ ತೆಗೆದುಹಾಕಿತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಂತೂ, ಇಂಥ ತಾರೀಖಿನವರೆಗೆ ಮೇಲ್ ಬೇಡ ಎಂಬ ಷರತ್ತೊಂದನ್ನು ಸ್ಕ್ರಿಪ್ಟಿಗೆ ಸೇರಿಸುತ್ತೇನೆ. ಅದನ್ನೂ ಶೀಟಿನಲ್ಲಿ ಆ ದಿನದ ಕೆಲಸವೆಂದೇ ನಮೂದಿಸುತ್ತೇನೆ.