ಫುದಾಯ್ ಗ್ರಾಮದ ಕಡಲ ಬಾಗಿಲು

ಜಪಾನಿನ ಹೊನ್ಷು ದ್ವೀಪದ ಈಶಾನ್ಯ ತೀರದಲ್ಲಿ, ಈವಾತೆ ಪ್ರಾಂತಕ್ಕೆ ಸೇರಿದ ಫುದಾಯ್ ಎಂಬ ಪುಟ್ಟ ಗ್ರಾಮವಿದೆ. ಮೀನು ಮತ್ತು ಕಡಲಪಾಚಿಗಳೇ ಅಲ್ಲಿಯ ಜನರ ಜೀವನಾಧಾರ. ಈ ಗ್ರಾಮಕ್ಕೆ 1947ರಿಂದ 1987ರವರೆಗೆ, ಹತ್ತು ಅವಧಿಗಳ ಕಾಲ, ಅಧ್ಯಕ್ಷರಾಗಿದ್ದವರು ಕೋತೊಕು ವಾಮುರಾ ಎಂಬವರು. ಆ ದೇಶದಲ್ಲಿ ಗ್ರಾಮಾಧ್ಯಕ್ಷರನ್ನು ಜನರೇ ನೇರವಾಗಿ ಚುನಾಯಿಸುತ್ತಾರೆ. ಆದರೆ ಕೆಲಸಕ್ಕೆ ಗ್ರಾಮಸಭೆಯ ಸಮ್ಮತಿಯೂ ಬೇಕು. ಇಬ್ಬರನ್ನೂ ನಾಲ್ವತ್ತು ವರ್ಷ ಒಲಿಸಿಕೊಂಡಿರುವುದು ಎಷ್ಟು ಕಷ್ಟವೆಂಬುದನ್ನು ಸಾರ್ವಜನಿಕ ಸಂಸ್ಥೆ ನಡೆಸಿದವರಿಗೆ ನಾವು ಹೇಳಬೇಕಾಗಿಲ್ಲ.

1896ರಲ್ಲಿಯೂ 1933ರಲ್ಲಿಯೂ ಸುನಾಮಿಯೆಂಬ ದೈತ್ಯ ತೆರೆಗಳು ಆ ತೀರವನ್ನು ನುಂಗಿದ್ದವು. ಎರಡರಲ್ಲಿಯೂ ಸೇರಿ ಫುದಾಯ್ ಕಳೆದುಕೊಂಡ ಜೀವಗಳು 439. ಎರಡನೆಯ ಬಾರಿ ಮಣ್ಣಿನ ರಾಶಿಯಿಂದ ಹೆಣಗಳನ್ನು ಅಗೆದು ತೆಗೆಯುತ್ತಿದ್ದುದನ್ನು ತರುಣ ವಾಮುರಾ ಕಣ್ಣಾರೆ ಕಂಡಿದ್ದರು. 1896ರ ತೆರೆ ಅಲ್ಲಿ 15 ಮೀಟರಿಗೂ ಮೇಲೆ ಏರಿತ್ತೆಂಬುದು ಹಿರಿಯರ ಮಾತು. ಆದುದರಿಂದ ಅವರು 15.5 ಮೀಟರೆಂದು ಅಳತೆ ಗೊತ್ತುಮಾಡಿಕೊಂಡರು. ಮತ್ತೆ ಅದರಿಂದ ಕದಲಲಿಲ್ಲ.

ಮೀನುಗಾರರ ಬಂದರಿನ ಹಿಂದಿನ ಮನೆಗಳಿಗೆ ಕಾವಲಾಗಿ ಮೊದಲ ಗೋಡೆ 1967ರಲ್ಲಿ ಮುಗಿಯಿತು. ಆದರೆ ಬಹುಪಾಲು ಜನರ ವಾಸ ನದಿಯ ಕಣಿವೆಯಲ್ಲಿ. ನದಿಗೆ ಗೋಡೆ ಹಾಕಿದರೆ ನೀರು ಹರಿಯುವುದೆಲ್ಲಿ? ಅದಕ್ಕಾಗಿ ಎತ್ತಿ ಇಳಿಸಬಹುದಾದ ಬಾಗಿಲುಗಳುಳ್ಳ, 205 ಮೀಟರು ಉದ್ದದ ಕಟ್ಟಡವೊಂದನ್ನು ಅವರು ಗ್ರಾಮಸಭೆಯ ಮುಂದಿಟ್ಟರು. ಸದಸ್ಯರಿಗೆ ಯೋಜನೆಯ ಬಗ್ಗೆ ವಿರೋಧವಿರಲಿಲ್ಲ. ಇಷ್ಟು ಎತ್ತರ ಏಕೆಂಬುದೇ ಅವರ ತಕರಾರು. ಭೂಮಿ ಬಿಟ್ಟುಕೊಡಬೇಕಾದವರೂ ಮುನಿದರು. ಅವರ ಮುನಿಸು ಅನ್ಯಾಯವೆಂದು ನಾವು ಭಾವಿಸೆವು: ಬಾರದ ತೆರೆಗಾಗಿ ಇರುವ ನೆಲ ಕೊಡುವುದು ಯಾರಿಗೆ ಹಿತ? 1984ರಲ್ಲಿ ಕೆಲಸ ಮುಗಿದಾಗ ಆದ ವೆಚ್ಚ 356 ಕೋಟಿ ಯೆನ್. ಅದನ್ನು ಪ್ರಾಂತವೂ ಕೇಂದ್ರ ಸರಕಾರವೂ ಹಂಚಿಕೊಂಡವು.

ವಾಮುರಾ 1997ರಲ್ಲಿ ತೀರಿಕೊಂಡರು. 2011ರ ಮಾರ್ಚ್ 11ರಂದು ಮಹಾಭೂಕಂಪವಾದೊಡನೆ ದೊಡ್ಡ ಬಾಗಿಲುಗಳನ್ನು ದೂರದಿಂದಲೇ ಯಂತ್ರದ ಮೂಲಕ ಇಳಿಸಲಾಯಿತು. ಪಕ್ಕದ ಸಣ್ಣ ಬಾಗಿಲುಗಳು ಸಿಕ್ಕಿಕೊಂಡವು; ಅಗ್ನಿಶಾಮಕ ದಳದವರೊಬ್ಬರು ಓಡಿಹೋಗಿ ಅವನ್ನು ಕೈಯಿಂದಲೇ ಮುಚ್ಚಿದರು. ತೆರೆ 20 ಮೀಟರಿಗೂ ಮಿಗಿಲಾಗಿತ್ತು. ಕಟ್ಟಡದ ಮೇಲಿನಿಂದ ಸ್ವಲ್ಪ ನೀರು ಉಕ್ಕಿ ಬಂದರೂ ಅದರ ಬಲ ಮುರಿದುಹೋಗಿತ್ತು. ಹೊರಗಿದ್ದ ಬಂದರು ಹಾಳಾಯಿತು. ದೋಣಿ ನೋಡಲು ಹೋದ ಒಬ್ಬರು ಕಣ್ಮರೆಯಾದರು. ಅದೇ ಪ್ರಾಂತದ ತಾರೊ ಎಂಬ ಊರಿನಲ್ಲಿ 10 ಮೀಟರಿನ ಹೆಸರಾಂತ ಗೋಡೆಯಿದ್ದರೂ ತೆರೆ ಅದನ್ನು ದಾಟಿ ಊರನ್ನು ಕೆಡವಿತು.

ಫುದಾಯ್ ಗ್ರಾಮದ ಪ್ರಾಥಮಿಕ ಶಾಲೆ ಆ ಬಾಗಿಲಿನಿಂದ ಕೆಲವೇ ನಿಮಿಷಗಳ ನಡಿಗೆಯಷ್ಟು ಒಳಗಿದೆ. ಅದಕ್ಕೆ ಏನೂ ಆಗಲಿಲ್ಲ. ಮುಂದಿನ ದಿನಗಳಲ್ಲಿ ಗ್ರಾಮಸ್ಥರು ವಾಮುರಾ ಅವರ ಸಮಾಧಿಗೆ ಹೋಗಿ ಕೈಮುಗಿದು ಬಂದರು.