ಎಂಎಸ್‌ಕಾನ್ಫಿಗ್‌ನಲ್ಲಿ ಒಂದು ಟಿಕ್ ಹಾಕಿದರೆ ಹಳೆ ಲ್ಯಾಪ್‌ಟಾಪ್‌ನಲ್ಲಿ ಗೇಮ್ ವೇಗವಾಗುತ್ತದೆಯೇ?

‘ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಸ್‌ಕಾನ್ಫಿಗ್ ಎಂದು ಟೈಪ್ ಮಾಡಿ. ಬೂಟ್ ವಿಭಾಗದಲ್ಲಿ ಪ್ರೊಸೆಸರ್ ಸಂಖ್ಯೆಗೆ ಟಿಕ್ ಹಾಕಿ ಗರಿಷ್ಠ ಮಾಡಿ. ಹಳೆ ಲ್ಯಾಪ್‌ಟಾಪ್‌ನಲ್ಲೂ ಗೇಮ್ ಸರಾಗವಾಗಿ ಓಡುತ್ತದೆ!’ ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದರಿಂದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ.

ಆ ಟಿಕ್ ಇರುವುದು ವೇಗ ಹೆಚ್ಚಿಸಲು ಅಲ್ಲ, ಕಡಿಮೆ ಮಾಡಲು. ತಮ್ಮ ಪ್ರೋಗ್ರಾಂ ಕಡಿಮೆ ಕೋರ್‌ಗಳಲ್ಲಿ ಹೇಗೆ ನಡೆಯುತ್ತದೆ ಎಂದು ಸಾಫ್ಟ್‌ವೇರ್ ತಯಾರಿಸುವವರು ಪರೀಕ್ಷಿಸಲೆಂದು ಕೊಟ್ಟ ಸೌಲಭ್ಯ ಅದು. ಟಿಕ್ ಇಲ್ಲದಿದ್ದಾಗ ವಿಂಡೋಸ್ ಎಲ್ಲ ಕೋರ್‌ಗಳನ್ನೂ ಬಳಸುತ್ತಲೇ ಇರುತ್ತದೆ. ಗರಿಷ್ಠ ಸಂಖ್ಯೆ ಆರಿಸಿದರೂ ಅಷ್ಟೇ. ಕೈತಪ್ಪಿ 1 ಆರಿಸಿದರೆ ಉಳಿದ ಕೋರ್‌ಗಳು ಸುಮ್ಮನೆ ಕೂರುತ್ತವೆ. ಪಕ್ಕದಲ್ಲೇ ಇರುವ ‘ಮ್ಯಾಕ್ಸಿಮಮ್ ಮೆಮೊರಿ’ ಇನ್ನೂ ಅಪಾಯಕಾರಿ. ಅಲ್ಲಿ ತೀರಾ ಚಿಕ್ಕ ಸಂಖ್ಯೆ ಕೂತರೆ ಲ್ಯಾಪ್‌ಟಾಪ್ ಆನ್ ಆಗದೆಯೂ ಹೋಗಬಹುದು.

ಇದೇ ಮೆಸೇಜ್‌ಗಳಲ್ಲಿ ‘ಪ್ರಿಫೆಚ್’ ಫೋಲ್ಡರ್ ಅಳಿಸಿ ಎಂಬ ಸಲಹೆಯೂ ಇರುತ್ತದೆ. ಪ್ರೋಗ್ರಾಂಗಳನ್ನು ಬೇಗ ತೆರೆಯಲೆಂದೇ ವಿಂಡೋಸ್ ಬರೆದಿಟ್ಟುಕೊಂಡ ಮಾಹಿತಿ ಅದು. ಅಳಿಸಿದರೆ ಮುಂದಿನ ಸಲ ತೆರೆಯುವುದು ನಿಧಾನವಾಗುತ್ತದೆ. ಟೆಂಪ್ ಫೈಲ್ ಅಳಿಸಿದರೆ ಡಿಸ್ಕ್‌ನಲ್ಲಿ ಜಾಗ ಸಿಗುತ್ತದೆ, ಗೇಮ್‌ನ ವೇಗ ಹೆಚ್ಚುವುದಿಲ್ಲ.

ಹಾಗಾದರೆ ಗೇಮ್ ತಡವರಿಸುವುದೇಕೆ? ಮೊದಲು ಒಂದು ವಿಷಯ ಗಮನಿಸಿ. ಶುರುವಿನಲ್ಲಿ ಚೆನ್ನಾಗಿ ಓಡಿ, ಹತ್ತು ಹದಿನೈದು ನಿಮಿಷದ ನಂತರ ಕುಂಟುತ್ತದೆಯೇ? ಹಾಗಿದ್ದರೆ ಬಹುಪಾಲು ಬಿಸಿಯೇ ಕಾರಣ. ಲ್ಯಾಪ್‌ಟಾಪ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಸುಟ್ಟುಹೋಗದಿರಲು ತಾವೇ ವೇಗ ಇಳಿಸಿಕೊಳ್ಳುತ್ತವೆ. ಚಾರ್ಜರ್ ಹಾಕಿಯೇ ಆಡಿ (ಬ್ಯಾಟರಿಯಲ್ಲಿ ವೇಗ ಹೇಗೂ ಕಡಿಮೆ), ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟದಲ್ಲಿ ಗಿಗಾಹರ್ಟ್ಸ್ ಲೆಕ್ಕ ನೋಡಿ. ಆಡುತ್ತಾ ಆಡುತ್ತಾ ಅದು ಅಲ್ಲೇ ತೋರಿಸುವ ‘ಬೇಸ್ ಸ್ಪೀಡ್’ಗಿಂತ ಕೆಳಗಿಳಿದರೆ ಫ್ಯಾನ್ ಕಡೆ ಗಮನ ಕೊಡಿ. ನಾಲ್ಕೈದು ವರ್ಷದ ಲ್ಯಾಪ್‌ಟಾಪ್‌ನಲ್ಲಿ ಫ್ಯಾನ್ ಮುಂದಿನ ತೆಳು ಲೋಹದ ಪಟ್ಟಿಗಳ ನಡುವೆ ಧೂಳು ಗಟ್ಟಿಯಾಗಿ ಕೂತಿರುತ್ತದೆ, ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ರಿಪೇರಿ ಅಂಗಡಿಯಲ್ಲಿ ಎರಡನ್ನೂ ಸರಿಮಾಡಿಸಿ. ಅಲ್ಲಿಯವರೆಗೆ ಹಾಸಿಗೆ ಮೇಲಿಟ್ಟು ಆಡಬೇಡಿ. ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿದರೂ ಗಾಳಿಯಾಡುತ್ತದೆ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡುವವರೂ ಇದ್ದಾರೆ! ಹೊರತೆಗೆದಾಗ ಒಳಗೆ ನೀರಿನ ಹನಿ ಕಟ್ಟಿ ಬೋರ್ಡೇ ಹಾಳಾದೀತು.

ಮೊದಲ ನಿಮಿಷದಿಂದಲೇ ನಿಧಾನವಾಗಿದ್ದರೆ ರ‍್ಯಾಮ್ ನೋಡಿ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಗ್ರಾಫಿಕ್ಸ್ ಕೆಲಸಕ್ಕೂ ಇದೇ ರ‍್ಯಾಮ್‌ನಲ್ಲಿ ಪಾಲು ಬೇಕು. ಡಿಡಿಆರ್4-2400 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಗರಿಷ್ಠ 19.2 ಜಿಬಿ ಮಾಹಿತಿ ಸಾಗುತ್ತದೆ. ಎರಡನೇ ಸ್ಲಾಟ್‌ಗೆ ಅಂಥದ್ದೇ ಇನ್ನೊಂದು ಹಾಕಿದರೆ, ಎರಡೂ ಜೋಡಿಯಾಗಿ ಕೆಲಸ ಮಾಡುವ ಮಾದರಿಯಲ್ಲಿ, ಅದು 38.4 ಜಿಬಿ ಆಗುತ್ತದೆ. ಖರ್ಚು ಮಾಡಿದ್ದಕ್ಕೆ ಗೇಮ್‌ನಲ್ಲೇ ವ್ಯತ್ಯಾಸ ಕಾಣುವುದು ಇಲ್ಲಿ. ಸ್ಲಾಟ್ ಖಾಲಿ ಇದೆಯೇ ಎಂಬುದನ್ನು ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ನೋಡಿ, ಅಂಗಡಿಯವರಲ್ಲೂ ಖಚಿತಪಡಿಸಿಕೊಳ್ಳಿ. ಕೆಲವು ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ಎಸ್‌ಎಸ್‌ಡಿ ಹಾಕಿಸಿದರೆ ಗೇಮ್ ಬೇಗ ತೆರೆದುಕೊಳ್ಳುತ್ತದೆ, ಆಟದ ನಡುವಿನ ವೇಗ ಅಷ್ಟೇನೂ ಹೆಚ್ಚುವುದಿಲ್ಲ.

ಖರ್ಚಿಲ್ಲದ ದಾರಿಯೂ ಇದೆ. ಗೇಮ್‌ನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ ಅನ್ನು 1920×1080ರಿಂದ 1280×720ಕ್ಕೆ ಇಳಿಸಿ. ಪ್ರತಿ ಚಿತ್ರಕ್ಕೂ ಸುಮಾರು 20.7 ಲಕ್ಷ ಚುಕ್ಕಿ ಬಿಡಿಸಬೇಕಿದ್ದದ್ದು 9.2 ಲಕ್ಷಕ್ಕೆ ಇಳಿಯುತ್ತದೆ. ನೆರಳಿನ ಗುಣಮಟ್ಟವನ್ನೂ ಕಡಿಮೆ ಮಾಡಿ.

‘ಎಫ್‌ಪಿಎಸ್ ಬೂಸ್ಟರ್’ ಎಂದು ಬರುವ ಲಿಂಕ್ ಆಂಟಿವೈರಸ್ ಆಫ್ ಮಾಡಲು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಅದೇ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಕೂಡ ಇರಬಹುದು.

ಎಂಎಸ್‌ಕಾನ್ಫಿಗ್‌ನಲ್ಲಿ ಈಗಾಗಲೇ ಟಿಕ್ ಹಾಕಿದ್ದರೆ ಗಾಬರಿ ಬೇಡ. ಅದೇ ಜಾಗಕ್ಕೆ ಹೋಗಿ ಎರಡೂ ಟಿಕ್ ತೆಗೆದು, ಓಕೆ ಒತ್ತಿ, ರೀಸ್ಟಾರ್ಟ್ ಮಾಡಿ.